ಪ್ರಬಂಧದಿಂದ ಚಿತ್ರಪಟಕ್ಕೆ

ಪ್ರಬಂಧವನ್ನು ಬರೆದು ಮುಗಿಸುವುದು ಒಂದು ಕೆಲಸ. ಅದನ್ನು ನಾಲ್ಕು ಜನ ನಡೆದಾಡುವ ಕಡೆ ಗೋಡೆಯ ಮೇಲೆ ತಂದು ನಿಲ್ಲಿಸುವುದು ಬೇರೆಯೇ ಕೆಲಸ. ಅಂತಿಮ ಬಿ.ಎ. ತರಗತಿಯ ಸಮಾಜಶಾಸ್ತ್ರದ ಪಾಠದ ಅಂಗವಾಗಿ ಈ ವರ್ಷ ನಾನು "ಕ್ರೀಡಾಕ್ಷೇತ್ರದ ನಾಯಕತ್ವದಲ್ಲಿ ಸ್ತ್ರೀಯರು" ಎಂಬ ವಿಷಯವಾಗಿ ಹದಿನೆಂಟು ಪುಟಗಳ ಪ್ರಬಂಧವೊಂದನ್ನು ಬರೆದಿದ್ದೇನೆ. ಅಧ್ಯಾಪಕರು ಅದನ್ನು ಓದಿದರು, ಗುಣಾಂಕವನ್ನಿತ್ತರು, ಕಪಾಟಿನಲ್ಲಿಟ್ಟರು. ಪ್ರಬಂಧಗಳ ಆಯುಷ್ಯ ಸಾಮಾನ್ಯವಾಗಿ ಇಷ್ಟೇ. ಆದರೆ ವಾರ್ಷಿಕ ಕ್ರೀಡೋತ್ಸವಕ್ಕೆ ಮುನ್ನ ಅದರ ಸಾರವನ್ನು ಒಂದೇ ಹಾಳೆಯಲ್ಲಿ ಚಿತ್ರಿಸಿ ಜಗಲಿಯಲ್ಲಿ ತೂಗುಹಾಕಬಾರದೇಕೆ ಎಂಬ ಪ್ರಶ್ನೆ ಬಂತು. ಆ ಕೆಲಸವನ್ನು ಕೈಗೆತ್ತಿಕೊಂಡಾಗ ಕಂಡ ಕೆಲವು ಸಂಗತಿಗಳನ್ನು ಸಹಾಧ್ಯಾಯಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ವಿದ್ಯಾರ್ಥಿಗಳಿಗೂ ಇದು ಉಪಯೋಗಕ್ಕೆ ಬಂದೀತೆಂದು ನಂಬುತ್ತೇನೆ.

ಇನ್ಫೋಗ್ರಾಫಿಕ್ ಎಂದು ಈಚೆಗೆ ಎಲ್ಲರ ಬಾಯಲ್ಲಿ ಕೇಳಿಬರುವ ಈ ವಸ್ತುವನ್ನು ನಾನು ಚಿತ್ರಪಟವೆಂದೇ ಕರೆಯುತ್ತೇನೆ. ದಿನಪತ್ರಿಕೆಯಲ್ಲಿ ಚುನಾವಣೆಯ ಮರುದಿನ, ಮೊಬೈಲಿನಲ್ಲಿ ದಿನಕ್ಕೆ ಹತ್ತು ಸಲ ಇದನ್ನು ನಾವೆಲ್ಲರೂ ನೋಡುತ್ತೇವೆ. ಇದು ಪ್ರಬಂಧಕ್ಕೆ ತೊಡಿಸುವ ಅಲಂಕಾರವೆಂದು ಹಲವರ ಎಣಿಕೆ. ಪ್ರಬಂಧದ ನಡುವೆ ಎರಡು ಚಿತ್ರಗಳನ್ನಂಟಿಸಿ, ಸುತ್ತಲೂ ಹೂಬಳ್ಳಿ ಬರೆದರೆ ಚಿತ್ರಪಟವಾಗದು. ಮಾತಿನಲ್ಲಿ ಹೇಳಿದರೆ ಒಂದು ಪುಟ ಹಿಡಿಯುವ ಸಂಬಂಧವನ್ನು ಕಣ್ಣು ಒಂದೇ ನೋಟದಲ್ಲಿ ಹಿಡಿಯುವಂತೆ ಮಾಡುವುದೇ ಅದರ ಕೆಲಸ.

ಈ ವಿದ್ಯೆ ಕಂಪ್ಯೂಟರಿನೊಡನೆ ಹುಟ್ಟಿದ್ದಲ್ಲ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ತಡೆಗಟ್ಟಬಹುದಾಗಿದ್ದ ರೋಗಗಳಿಂದಲೇ ಸತ್ತರೆಂಬುದನ್ನು ತೋರಿಸಲು ಫ್ಲಾರೆನ್ಸ್ ನೈಟಿಂಗೇಲ್ ೧೮೫೮ರಲ್ಲಿ ಬಣ್ಣದ ಚಿತ್ರಗಳನ್ನು ಪ್ರಕಟಿಸಿದಳು. ಪಾಠಪುಸ್ತಕಗಳಲ್ಲಿ ಆಕೆಯ ಕೈಯಲ್ಲಿ ದೀಪವಿರುತ್ತದೆಯೇ ಹೊರತು ಈ ಚಿತ್ರವಿರುವುದಿಲ್ಲ. ಇನ್ನೊಂದು ಉದಾಹರಣೆ ನಮ್ಮಂಥ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ್ದು. ೧೯೦೦ನೆಯ ಇಸವಿಯ ಪ್ಯಾರಿಸ್ ಮಹಾಪ್ರದರ್ಶನಕ್ಕಾಗಿ ಅಮೆರಿಕದ ನೀಗ್ರೋ ವಿದ್ವಾಂಸ ಡಬ್ಲ್ಯೂ. ಇ. ಬಿ. ಡುಬಾಯ್ಸ್ ಅಟ್ಲಾಂಟಾ ವಿಶ್ವವಿದ್ಯಾಲಯದ ತನ್ನ ವಿದ್ಯಾರ್ಥಿಗಳನ್ನು ಕೂಡಿಕೊಂಡು, ತನ್ನ ಜನರ ವಿದ್ಯೆ, ಆಸ್ತಿ, ಕಸುಬುಗಳ ವಿಷಯವಾಗಿ ಸುಮಾರು ೬೦ ಅಂಕಿಚಿತ್ರಗಳನ್ನು ಶಾಯಿ ಮತ್ತು ಜಲವರ್ಣಗಳಲ್ಲಿ ಕೈಯಿಂದಲೇ ಬರೆದನು. ಗುಲಾಮರ ಮೊಮ್ಮಕ್ಕಳು ಏನು ಸಾಧಿಸಿದ್ದಾರೆಂಬುದನ್ನು ಯೂರೋಪಿನ ಜನ ನಡೆಯುತ್ತ ನಡೆಯುತ್ತಲೇ ಓದಿಕೊಂಡರು.

ಇಲ್ಲೊಂದು ಕಾಕತಾಳೀಯವಿದೆ. ೧೯೦೦ರ ಒಲಿಂಪಿಕ್ ಕ್ರೀಡೆಗಳು ನಡೆದದ್ದು ಇದೇ ಪ್ಯಾರಿಸ್ ಮಹಾಪ್ರದರ್ಶನದ ಅಂಗವಾಗಿ. ಸ್ತ್ರೀಯರು ಮೊದಲ ಬಾರಿಗೆ ಒಲಿಂಪಿಕ್‌ನಲ್ಲಿ ಭಾಗವಹಿಸಿದ್ದೂ ಅಲ್ಲೇ. ಒಟ್ಟು ೯೯೭ ಕ್ರೀಡಾಪಟುಗಳಲ್ಲಿ ಅವರು ೨೨ ಮಂದಿ. ನನ್ನ ಚಿತ್ರಪಟದ ಮೊದಲ ಸಾಲು ಹೀಗೆ ಸಿಕ್ಕಿತು.

ಆದರೆ ಈ ಕೆಲಸಕ್ಕೆ ನಿಜವಾದ ಶಾಸ್ತ್ರವನ್ನು ಮಾಡಿಕೊಟ್ಟವರು ವಿಯೆನ್ನಾ ನಗರದವರು. ಅಲ್ಲಿ ಓಟ್ಟೋ ನ್ಯೂರಾತ್ ಎಂಬ ಸಮಾಜಶಾಸ್ತ್ರಜ್ಞನು ೧೯೨೫ರ ಸುಮಾರಿಗೆ ಸಮಾಜ ಮತ್ತು ಅರ್ಥವ್ಯವಸ್ಥೆಯ ವಸ್ತುಸಂಗ್ರಹಾಲಯವೊಂದನ್ನು ಕಟ್ಟಿದನು. ಶಾಲೆಗೆ ಹೆಚ್ಚು ಹೋಗದ ಕೂಲಿಕಾರರೂ ತಮ್ಮ ನಗರದ ಲೆಕ್ಕಾಚಾರವನ್ನು ತಿಳಿಯಬೇಕು ಎಂಬುದು ಅವನ ಹಂಬಲ. ಈ ಪದ್ಧತಿಗೆ ೧೯೩೫ರಲ್ಲಿ ಐಸೊಟೈಪ್ ಎಂಬ ಹೆಸರು ಬಂತು. ಅದರ ಮುಖ್ಯ ನಿಯಮ ಒಂದೇ: ಹೆಚ್ಚಿನ ಸಂಖ್ಯೆಯನ್ನು ತೋರಿಸಲು ದೊಡ್ಡ ಗೊಂಬೆಯನ್ನು ಬರೆಯಬಾರದು, ಅದೇ ಗಾತ್ರದ ಗೊಂಬೆಗಳನ್ನು ಹೆಚ್ಚು ಬರೆಯಬೇಕು. ಅಗಲ ಎತ್ತರಗಳೆರಡನ್ನೂ ಇಮ್ಮಡಿಸಿದ ಗೊಂಬೆ ಹಾಳೆಯ ಮೇಲೆ ನಾಲ್ಕು ಪಾಲು ಜಾಗವನ್ನು ಹಿಡಿಯುತ್ತದೆ; ಸಂಖ್ಯೆ ಎರಡು ಪಾಲಾದದ್ದು ಕಣ್ಣಿಗೆ ನಾಲ್ಕು ಪಾಲಾಗಿ ಕಾಣುತ್ತದೆ. ವೃತ್ತಗಳಿಗೂ ಇದೇ ಮಾತು. ಜಾಹೀರಾತಿನವರು ಇದನ್ನು ತಿಳಿದೇ ಮಾಡುತ್ತಾರೆಂದು ನನ್ನ ಗುಮಾನಿ.

ಆ ಸಂಸ್ಥೆಯಲ್ಲಿ ಒಂದು ವಿಶೇಷ ಹುದ್ದೆಯಿತ್ತು. ಪಂಡಿತರು ಒದಗಿಸಿದ ಅಂಕಿ ಅಂಶಗಳನ್ನು ಓದಿ, ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು, ಯಾವುದರ ಪಕ್ಕ ಯಾವುದನ್ನಿಡಬೇಕು ಎಂದು ತೀರ್ಮಾನಿಸಿ ಕಚ್ಚಾ ಚಿತ್ರವನ್ನು ಬರೆದು ಚಿತ್ರಕಾರನ ಕೈಗೆ ಕೊಡುವುದು ಆ ಹುದ್ದೆಯ ಕೆಲಸ. ರೂಪಾಂತರಕಾರರೆಂದು ಅವರನ್ನು ಕರೆಯಬಹುದು. ಆ ಕೆಲಸದಲ್ಲಿ ಅಗ್ರಗಣ್ಯಳಾಗಿದ್ದವಳು ಮೇರಿ ರೈಡೆಮೈಸ್ಟರ್. ಮುಂದೆ ಓಟ್ಟೋನನ್ನು ವಿವಾಹವಾಗಿ ಮೇರಿ ನ್ಯೂರಾತ್ ಎನಿಸಿದಳು. ೧೯೪೫ರಲ್ಲಿ ಪತಿ ತೀರಿಕೊಂಡ ಮೇಲೆ ಇಂಗ್ಲೆಂಡಿನಲ್ಲಿ ಆ ಸಂಸ್ಥೆಯನ್ನು ಆಕೆಯೇ ನಡೆಸಿದಳು; ಮಕ್ಕಳಿಗಾಗಿ ಎಷ್ಟೋ ಚಿತ್ರಪುಸ್ತಕಗಳನ್ನು ಹೊರತಂದಳು. ಚಿತ್ರಪಟವೆಂದರೆ ಚಿತ್ರ ಬರೆಯಲು ಬರುವವರ ಕೆಲಸವೆಂದು ತಿಳಿದಿರುವ ಸಹಪಾಠಿಗಳು ಇದನ್ನು ಗಮನಿಸಬೇಕು. ಓದಿ, ತೂಗಿ, ಆರಿಸುವವರದೇ ಹೆಚ್ಚಿನ ಪಾಲು. ನನಗೆ ನೆಟ್ಟಗೆ ಒಂದು ತೆಂಗಿನಮರ ಬರೆಯಲು ಬಾರದು. ಆದರೂ ಈ ಕೆಲಸ ಸಾಗಿತು.

ದೂರದ ವಿಯೆನ್ನಾದ ಮಾತೇಕೆ, ನಮ್ಮ ಪುತ್ತೂರಿನಲ್ಲೇ ನೆಲೆಸಿ ಶಿವರಾಮ ಕಾರಂತರು ೧೯೩೦ರ ದಶಕದಲ್ಲಿ ಮಕ್ಕಳಿಗಾಗಿ "ಬಾಲಪ್ರಪಂಚ"ವನ್ನು ಚಿತ್ರಗಳ ಸಹಿತ ಸಿದ್ಧಪಡಿಸಿದ್ದು ಎಲ್ಲರಿಗೂ ತಿಳಿದದ್ದೇ. ವಿಷಯವನ್ನು ಕಣ್ಣಿಗೆ ಕಟ್ಟಿಸುವ ಹಂಬಲ ನಮ್ಮ ಸೀಮೆಗೆ ಹೊಸತಲ್ಲ.

ಇನ್ನು ಪ್ರಬಂಧದ ಮಾತು. ಹದಿನೆಂಟು ಪುಟಗಳನ್ನು ಒಂದು ಹಾಳೆಗಿಳಿಸಬೇಕಾದರೆ ಮೊದಲು ಅದರ ಬೆನ್ನೆಲುಬನ್ನು ಹುಡುಕಬೇಕು. ನಾನು ಮಾಡಿದ್ದು ಹೀಗೆ: ಒಂದೊಂದು ಕಂಡಿಕೆಯನ್ನೂ ಒಂದೊಂದು ವಾಕ್ಯಕ್ಕೆ ಇಳಿಸಿ ಅಂಚಿನಲ್ಲಿ ಸೀಸದಕಡ್ಡಿಯಿಂದ ಬರೆದೆ. ಬಳಿಕ ಆ ವಾಕ್ಯಗಳಲ್ಲಿ ಸಂಖ್ಯೆಯನ್ನೋ ಇಸವಿಯನ್ನೋ ಹೋಲಿಕೆಯನ್ನೋ ಹೊತ್ತವು ಯಾವುವೆಂದು ಗುರುತಿಸಿದೆ. ವ್ಯಾಖ್ಯಾನಗಳು, ವಿದ್ವಾಂಸರ ಅಭಿಪ್ರಾಯಗಳು, "ಒಂದು ಕಡೆಯಿಂದ ನೋಡಿದರೆ, ಇನ್ನೊಂದು ಕಡೆಯಿಂದ ನೋಡಿದರೆ" ಎಂಬ ಚರ್ಚೆಗಳು ಎಲ್ಲವೂ ಪ್ರಬಂಧದಲ್ಲೇ ಉಳಿದವು. ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ: ಆಡುವವರು ಅರ್ಧಕ್ಕರ್ಧ, ಆಳುವವರೆಷ್ಟು? ಇದೇ ಚಿತ್ರಪಟದ ತಲೆಬರಹವಾಯಿತು. "ಕ್ರೀಡಾಕ್ಷೇತ್ರದ ನಾಯಕತ್ವದಲ್ಲಿ ಸ್ತ್ರೀಯರು" ಎಂಬುದು ವಿಷಯದ ಹೆಸರು ಮಾತ್ರ. ಅದನ್ನೋದಿದ ದಾರಿಹೋಕನಿಗೆ ನಿಂತು ನೋಡಬೇಕೆನಿಸುವುದಿಲ್ಲ. ಪ್ರಶ್ನೆಯಾದರೆ ಒಂದು ಕ್ಷಣವಾದರೂ ತಡೆಯುತ್ತದೆ.

ಈಗ ಆ ಪ್ರಶ್ನೆಗೆ ಉತ್ತರ ಕೊಡುವ ಸಾಲುಗಳು. ಮೊದಲ ಸಾಲಿನಲ್ಲಿ ಆಡುವವರು. ೧೯೦೦ರ ೯೯೭ರಲ್ಲಿ ೨೨ ಎಂದರೆ ಸುಮಾರು ೪೫ ಜನರಲ್ಲಿ ಒಬ್ಬಳು. ಆದ್ದರಿಂದ ೪೫ ಸಣ್ಣ ಗೊಂಬೆಗಳು, ಅವುಗಳಲ್ಲಿ ಒಂದಕ್ಕೆ ಮಾತ್ರ ಬಣ್ಣ. ಅದರ ಪಕ್ಕದಲ್ಲಿ ೨೦೨೪. ಊರು ಮತ್ತೆ ಪ್ಯಾರಿಸ್ಸೇ. ಆ ಸಲ ಸ್ತ್ರೀಪುರುಷರಿಬ್ಬರಿಗೂ ಸಮಸಂಖ್ಯೆಯ ಸ್ಥಾನಗಳನ್ನು ಗೊತ್ತುಮಾಡಲಾಗಿತ್ತು. ಹಾಗಾಗಿ ಎರಡಕ್ಕೊಂದರಂತೆ ಬಣ್ಣ. ೧೨೪ ವರ್ಷಗಳ ಕಥೆ ಎರಡು ಸಾಲಿನಲ್ಲಿ ಮುಗಿಯಿತು. ಇಲ್ಲಿಗೇ ನಿಲ್ಲಿಸಿದ್ದರೆ ಕ್ರೀಡೋತ್ಸವಕ್ಕೆ ಬಂದ ಮುಖ್ಯ ಅತಿಥಿಗಳು ಸಂತೋಷಪಟ್ಟು ಚಪ್ಪಾಳೆ ತಟ್ಟಿ ಹೋಗುವಂಥ ಚಿತ್ರವಾಗುತ್ತಿತ್ತು.

ಎರಡನೆಯದು ಆಳುವವರ ಗೆರೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಸ್ಥಾಪನೆಯಾದದ್ದು ೧೮೯೪ರಲ್ಲಿ. ಅದರೊಳಕ್ಕೆ ಮೊದಲ ಸ್ತ್ರೀ ಸದಸ್ಯರು, ಫಿನ್ಲೆಂಡಿನ ಪಿರ್ಯೊ ಹೆಗ್‌ಮನ್ ಮತ್ತು ವೆನಿಜುವೆಲಾದ ಫ್ಲೋರ್ ಇಸಾವಾ ಫೊನ್ಸೆಕಾ, ಬಂದದ್ದು ೧೯೮೧ರಲ್ಲಿ. ೧೯೯೭ರಲ್ಲಿ ಅಮೆರಿಕದ ಅನಿಟಾ ಡಿಫ್ರಾಂಟ್ಸ್ ಉಪಾಧ್ಯಕ್ಷೆಯಾದಳು. ಅಧ್ಯಕ್ಷಸ್ಥಾನಕ್ಕೆ ಸ್ತ್ರೀಯೊಬ್ಬಳು, ಜಿಂಬಾಬ್ವೆಯ ಈಜುಗಾರ್ತಿ ಕರ್ಸ್ಟಿ ಕವೆಂಟ್ರಿ, ಆರಿಸಿಬಂದದ್ದು ೨೦೨೫ರ ಮಾರ್ಚ್ ೨೦ರಂದು. ಇದನ್ನು ಗೊಂಬೆಗಳಲ್ಲಿ ತೋರಿಸುವುದಕ್ಕಿಂತ ಕಾಲದ ಗೆರೆಯಾಗಿ ತೋರಿಸುವುದು ಮೇಲು. ಅಂಗಡಿಯಲ್ಲಿ ದೊರೆಯುವ ಚಾರ್ಟ್ ಹಾಳೆ ೨೮ ಅಂಗುಲ ಉದ್ದ, ಅಂದರೆ ಸುಮಾರು ೭೧ ಸೆಂಟಿಮೀಟರು. ಎರಡು ವರ್ಷಕ್ಕೆ ಒಂದು ಸೆಂಟಿಮೀಟರಿನಂತೆ ಗೆರೆ ಎಳೆದರೆ ೧೮೯೪ರಿಂದ ೨೦೨೫ಕ್ಕೆ ಅರವತ್ತೈದೂವರೆ ಸೆಂಟಿಮೀಟರು. ಅಂಚು ಬಿಟ್ಟು ಸರಿಯಾಗಿ ಹೊಂದುತ್ತದೆ. ಮೊದಲ ಸ್ತ್ರೀಯರ ಚುಕ್ಕೆ ಬೀಳುವುದು ನಲವತ್ತಮೂರೂವರೆ ಸೆಂಟಿಮೀಟರಿನಲ್ಲಿ. ಅಲ್ಲಿಯವರೆಗೆ ಏನೂ ಇಲ್ಲ. ಆ ಖಾಲಿ ಜಾಗದಲ್ಲಿ ಒಂದು ಓಡುವ ಹುಡುಗಿಯ ಚಿತ್ರ ಹಾಕು ಎಂದು ಗೆಳತಿಯರು ಸೂಚಿಸಿದರು. ನಾನು ಒಪ್ಪಲಿಲ್ಲ. ಆ ಖಾಲಿ ಜಾಗವೇ ಇಲ್ಲಿಯ ಮುಖ್ಯ ವಿಷಯ. ಪ್ರಬಂಧದಲ್ಲಿ "೮೭ ವರ್ಷಗಳ ಕಾಲ ಸ್ತ್ರೀಸದಸ್ಯರೇ ಇರಲಿಲ್ಲ" ಎಂಬ ವಾಕ್ಯ ಅರ್ಧ ಸಾಲನ್ನಷ್ಟೇ ಹಿಡಿಯುತ್ತದೆ. ಕಣ್ಣು ಅದನ್ನು ದಾಟಿ ಮುಂದಕ್ಕೋಡುತ್ತದೆ. ಇಲ್ಲಿ ಕಣ್ಣು ಆ ದೂರವನ್ನು ನಡೆಯಲೇಬೇಕು.

ಅದರ ಕೆಳಗೆ, ಅದೇ ಅಳತೆಯಲ್ಲಿ ನಮ್ಮ ದೇಶದ ಗೆರೆ. ಭಾರತೀಯ ಒಲಿಂಪಿಕ್ ಸಂಸ್ಥೆ ೧೯೨೭ರದು. ಅದಕ್ಕೆ ಮೊದಲ ಅಧ್ಯಕ್ಷೆಯಾಗಿ ನೆರೆಯ ಕೇರಳದ ಪಿ. ಟಿ. ಉಷಾ ಅವಿರೋಧವಾಗಿ ಆಯ್ಕೆಯಾದದ್ದು ೨೦೨೨ರ ಡಿಸೆಂಬರ್ ೧೦ರಂದು. ೯೫ ವರ್ಷ, ನಲವತ್ತೇಳೂವರೆ ಸೆಂಟಿಮೀಟರು. ೧೯೮೪ರ ಲಾಸ್ ಏಂಜಲೀಸಿನಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಪದಕ ತಪ್ಪಿದವರು ಇವರೇ. ಈ ಗೆರೆಯ ನಡುವೆ ಒಂದು ಚುಕ್ಕೆಯನ್ನು ೧೯೫೩ರಲ್ಲಿ ಇಡುವುದು ನ್ಯಾಯವೆಂದು ನನಗೆ ತೋರಿತು. ಸ್ವತಂತ್ರ ಭಾರತದ ಪ್ರಥಮ ಆರೋಗ್ಯಮಂತ್ರಿಣಿ ರಾಜಕುಮಾರಿ ಅಮೃತ ಕೌರ್ ಅವರ ಹೆಸರಿನಲ್ಲಿ ಕ್ರೀಡಾಪಟುಗಳಿಗೆ ತರಬೇತಿ ಕೊಡಿಸುವ ರಾಜಕುಮಾರಿ ತರಬೇತಿ ಯೋಜನೆ ಆರಂಭವಾದದ್ದು ಆ ವರ್ಷ. ಸ್ತ್ರೀಯರಿಗೆ ಕ್ರೀಡಾಡಳಿತ ತಿಳಿಯದು ಎನ್ನುವವರಿಗೆ ಆ ಒಂದು ಚುಕ್ಕೆ ಸಾಕು.

ಇಷ್ಟಾದರೂ ಒಂದು ಸಂದೇಹ ಉಳಿಯುತ್ತದೆ. ಆಡುವವರು ಹೆಚ್ಚಿದಂತೆಲ್ಲ ಆಳುವವರೂ ತಾನಾಗಿ ಹೆಚ್ಚುತ್ತಾರಲ್ಲವೆ, ಸ್ವಲ್ಪ ಕಾಯಬೇಕಷ್ಟೆ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಅಮೆರಿಕದಲ್ಲಿದೆ. ಅಲ್ಲಿ ೧೯೭೨ರ ಕಾನೂನೊಂದು ಶಿಕ್ಷಣಸಂಸ್ಥೆಗಳಲ್ಲಿ ಸ್ತ್ರೀಪುರುಷ ಭೇದವನ್ನು ನಿಷೇಧಿಸಿದ ಮೇಲೆ ಕಾಲೇಜುಗಳಲ್ಲಿ ಹುಡುಗಿಯರ ತಂಡಗಳು ಹಲವು ಪಟ್ಟು ಹೆಚ್ಚಿದವು. ಆಗ ಹುಡುಗಿಯರ ತಂಡಗಳ ತರಬೇತುದಾರರಲ್ಲಿ ನೂರಕ್ಕೆ ೯೦ಕ್ಕೂ ಮಿಕ್ಕಿ ಸ್ತ್ರೀಯರೇ ಇದ್ದರು. ೨೦೧೪ರ ವೇಳೆಗೆ ಅವರು ನೂರಕ್ಕೆ ಸುಮಾರು ೪೩! ವಿವಿಯನ್ ಅಕೋಸ್ಟಾ ಮತ್ತು ಲಿಂಡಾ ಕಾರ್ಪೆಂಟರ್ ಎಂಬ ಇಬ್ಬರು ಪ್ರಾಧ್ಯಾಪಿಕೆಯರು ದಶಕಗಳ ಕಾಲ ಕುಳಿತು ಎಣಿಸಿದ ಲೆಕ್ಕವಿದು. ಸಂಬಳವಿಲ್ಲದಾಗ, ಇಲ್ಲವೆ ಅಲ್ಪ ಸಂಬಳವಿದ್ದಾಗ ಆ ಕೆಲಸ ಹೆಂಗಸರದಾಗಿತ್ತು. ಹಣ ಮತ್ತು ಪದವಿ ಬಂದೊಡನೆ ಗಂಡಸರೂ ಅರ್ಜಿ ಹಾಕಿದರು, ಸ್ತ್ರೀಪುರುಷರ ಕ್ರೀಡಾವಿಭಾಗಗಳು ಒಂದಾದಾಗ ಮುಖ್ಯಸ್ಥಾನಗಳು ಅವರಿಗೇ ಹೋದವು. ಚಿತ್ರಪಟದಲ್ಲಿ ಇದನ್ನು ಕತ್ತರಿಯಾಕಾರದಲ್ಲಿ ಒಂದನ್ನೊಂದು ಕಡಿದು ಹೋಗುವ ಎರಡು ಗೆರೆಗಳಾಗಿ ಬರೆಯುವ ಆಸೆಯಾಗುತ್ತದೆ. ಒಂದು ಏರುತ್ತದೆ, ಒಂದು ಇಳಿಯುತ್ತದೆ. ಆದರೆ ಏರುವ ಗೆರೆ ಆಟಗಾರ್ತಿಯರ ಸಂಖ್ಯೆ, ಇಳಿಯುವ ಗೆರೆ ನೂರರಲ್ಲಿ ಪಾಲು. ಬೇರೆ ಬೇರೆ ಅಳತೆಯವನ್ನು ಒಂದೇ ಚೌಕಟ್ಟಿನೊಳಗೆ ಕತ್ತರಿಸಿ ತೋರಿಸಿದರೆ ಅವು ಕೂಡುವ ಬಿಂದುವಿಗೆ ಅರ್ಥವೇ ಇರುವುದಿಲ್ಲ. ಆದಕಾರಣ ನೂರು ಗೊಂಬೆಗಳ ಎರಡು ಚೌಕಗಳನ್ನೇ ಇಟ್ಟೆ: ೧೯೭೨ಕ್ಕೊಂದು, ೨೦೧೪ಕ್ಕೊಂದು.

ನಮ್ಮಲ್ಲಿಯೂ ಇಂಥದೇ ಕಥೆ ಕ್ರಿಕೆಟ್ಟಿನದು. ಭಾರತೀಯ ಮಹಿಳಾ ಕ್ರಿಕೆಟ್ ಸಂಸ್ಥೆ ೧೯೭೩ರಲ್ಲಿ ಹುಟ್ಟಿತು; ಬೇಗಂ ಹಮೀದಾ ಹಬೀಬುಲ್ಲಾ ಅದರ ಮೊದಲ ಅಧ್ಯಕ್ಷೆ. ಬೆಂಗಳೂರಿನ ಶಾಂತಾ ರಂಗಸ್ವಾಮಿ ೧೯೭೬ರಲ್ಲಿ ಭಾರತದ ಮೊದಲ ಟೆಸ್ಟ್ ತಂಡದ ನಾಯಕಿಯಾದರು. ಅದೇ ವರ್ಷ ಪಾಟ್ನಾದಲ್ಲಿ ವೆಸ್ಟ್ ಇಂಡೀಸಿನ ವಿರುದ್ಧ ಮೊದಲ ಗೆಲವನ್ನೂ ತಂದುಕೊಟ್ಟರು. ಆ ಸಂಸ್ಥೆಯ ಬಳಿ ಹಣವಿರಲಿಲ್ಲ. ೨೦೦೬ರಲ್ಲಿ ಅದು ಪುರುಷರ ಮಂಡಳಿಯೊಡನೆ ವಿಲೀನವಾಯಿತು. ಆಟಗಾರ್ತಿಯರಿಗೆ ಇದರಿಂದ ಲಾಭವಾಯಿತೆಂಬುದನ್ನು ಅಲ್ಲಗಳೆಯಲಾಗದು. ಪ್ರಯಾಣ, ವೇತನ, ಮೈದಾನ ಎಲ್ಲವೂ ಸುಧಾರಿಸಿದವು. ಆದರೆ ಆಡಳಿತದ ಕುರ್ಚಿಗಳು? ಮಂಡಳಿ ಸ್ಥಾಪನೆಯಾದ ೧೯೨೮ರಿಂದ ಸ್ತ್ರೀಯೊಬ್ಬಳು ಅದರ ಅಧ್ಯಕ್ಷೆಯಾಗಿಲ್ಲ. ಅದರ ಒಂಬತ್ತು ಜನರ ಉನ್ನತ ಸಮಿತಿಯಲ್ಲಿ ಹಳೆಯ ಆಟಗಾರ್ತಿಯರ ಪ್ರತಿನಿಧಿಗೆಂದು ಒಂದು ಸ್ಥಾನವಿದೆ. ೨೦೧೯ರಲ್ಲಿ ಆ ಸ್ಥಾನಕ್ಕೆ ಬಂದವರು ಅದೇ ಶಾಂತಾ ರಂಗಸ್ವಾಮಿ. ನಾಯಕಿಯಾದ ೪೩ ವರ್ಷಗಳ ಬಳಿಕ! ಒಂಬತ್ತು ಗೊಂಬೆ, ಒಂದಕ್ಕೆ ಬಣ್ಣ. ಇಷ್ಟು ಚಿಕ್ಕ ಚಿತ್ರ ಇಡೀ ಹಾಳೆಯಲ್ಲಿ ಇನ್ನೊಂದಿಲ್ಲ. ಇಷ್ಟು ಹೊತ್ತು ಜನ ನೋಡುವುದೂ ಇನ್ನೊಂದನ್ನಲ್ಲ.

೨೦೨೫ರ ನವೆಂಬರ್ ತಿಂಗಳಲ್ಲಿ ಎರಡು ವಿಶ್ವಕಪ್‌ಗಳು ನಮ್ಮ ದೇಶಕ್ಕೆ ಬಂದವು. ೨ರಂದು ಹರ್ಮನ್‌ಪ್ರೀತ್ ಕೌರ್ ನಾಯಕತ್ವದ ತಂಡ ಕ್ರಿಕೆಟ್ಟಿನಲ್ಲಿ ಗೆದ್ದಿತು. ಅದರ ಮುಖ್ಯ ತರಬೇತುದಾರರು ಪುರುಷರು, ಅಮೋಲ್ ಮಜುಂದಾರ್. ೨೪ರಂದು ಢಾಕಾದಲ್ಲಿ ಮಹಿಳಾ ಕಬಡ್ಡಿ ತಂಡ ಗೆದ್ದಿತು. ಅದರ ತರಬೇತುದಾರರು ಬೆಂಗಳೂರಿನವರೇ ಆದ ತೇಜಸ್ವಿನಿ ಬಾಯಿ, ಹಿಂದೆ ತಾವೇ ಭಾರತದ ಪರ ಆಡಿ ಅರ್ಜುನ ಪ್ರಶಸ್ತಿ ಪಡೆದವರು. ಇವನ್ನು ಅಕ್ಕಪಕ್ಕದಲ್ಲಿಟ್ಟೆ, ಟೀಕೆಯೇನೂ ಬರೆಯಲಿಲ್ಲ. ಕಬಡ್ಡಿ ನಮ್ಮ ಜಿಲ್ಲೆಯ ಮನೆಮನೆಯ ಆಟ. ೨೦೧೨ರ ಮೊದಲ ಮಹಿಳಾ ವಿಶ್ವಕಪ್ಪಿನಲ್ಲಿ ಭಾರತದ ನಾಯಕಿಯಾಗಿದ್ದವರು ಕಾರ್ಕಳದ ಕಡೆಯ ಹೆರ್ಮುಂಡೆಯ ಮಮತಾ ಪೂಜಾರಿ. ಆದರೂ ಈಶ್ವರಮಂಗಲದಿಂದ ಕಾವು, ಕುಂಬ್ರಗಳ ಮಾರ್ಗವಾಗಿ ಪುತ್ತೂರಿಗೆ ಬರುವ ಬಸ್ಸಿನ ಕಿಟಕಿಯಿಂದ ಕಾಣುವ ಕಬಡ್ಡಿ ಪಂದ್ಯಾಟಗಳ ಫ್ಲೆಕ್ಸ್‌ಗಳಲ್ಲಿ ಗೌರವಾಧ್ಯಕ್ಷರು, ಅಧ್ಯಕ್ಷರು, ಉಪಾಧ್ಯಕ್ಷರು, ಸಂಚಾಲಕರು ಎಂದು ಸಾಲುಸಾಲಾಗಿ ನಿಂತ ಮುಖಗಳಲ್ಲಿ ಹೆಂಗಸರ ಮುಖಗಳೆಷ್ಟಿವೆಯೆಂದು ಎಣಿಸುವ ಕೆಲಸವನ್ನು ವಾಚಕರಿಗೇ ಬಿಡುತ್ತೇನೆ. ಬೆರಳುಗಳು ಮಿಗುತ್ತವೆ.

ಆಳುವವರು ಯಾರಾದರೇನು, ಆಟ ನಡೆದರಾಯಿತಲ್ಲ ಎಂಬ ಪ್ರಶ್ನೆಗೆ ಪ್ರಬಂಧದಲ್ಲಿ ನಾಲ್ಕು ಪುಟಗಳಿವೆ. ಫ್ರಾನ್ಸಿನ ಆಲಿಸ್ ಮಿಲ್ಯಾ ಎಂಬವಳು ಸ್ತ್ರೀಯರಿಗಾಗಿ ೧೯೨೧ರಲ್ಲಿ ಬೇರೆಯೇ ಅಂತರರಾಷ್ಟ್ರೀಯ ಸಂಸ್ಥೆ ಕಟ್ಟಿ, ೧೯೨೨ರಲ್ಲಿ ಬೇರೆಯೇ ಕ್ರೀಡಾಕೂಟ ನಡೆಸಿದ ಮೇಲೆ, ಆ ಒತ್ತಾಯಕ್ಕೆ ಬಾಗಿ ೧೯೨೮ರ ಒಲಿಂಪಿಕ್‌ನಲ್ಲಿ ಸ್ತ್ರೀಯರಿಗೂ ಓಟದ ಸ್ಪರ್ಧೆಗಳನ್ನಿಟ್ಟರು. ಅಲ್ಲಿ ೮೦೦ ಮೀಟರ್ ಓಡಿ ಮುಗಿಸಿದವರು ಬಳಲಿ ಕುಸಿದರೆಂದು ಪತ್ರಿಕೆಗಳು ಗುಲ್ಲೆಬ್ಬಿಸಿದವು. ಕೂಡಲೇ ಆ ಓಟವನ್ನೇ ತೆಗೆದುಹಾಕಿದರು. ಮರಳಿ ಬಂದದ್ದು ೧೯೬೦ರಲ್ಲಿ. ಓಡಿ ಮುಗಿಸಿದ ಗಂಡಸು ಬಳಲುವುದಿಲ್ಲವೆ? ಆದರೆ ಹಾಗೆ ಕೇಳಲು ಆಗಿನ ಒಲಿಂಪಿಕ್ ಸಮಿತಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಾನು ಹಿಂದೆ ಕಲಿತ ಶಾಲೆಯೊಂದರಲ್ಲಿ ನಮ್ಮ ಹುಡುಗಿಯರ ತಂಡ ಹೋಬಳಿ ಮಟ್ಟದಲ್ಲಿ ಗೆದ್ದಿತ್ತು. ತಾಲೂಕು ಪಂದ್ಯದ ಹಿಂದಿನ ದಿನ, ಜೊತೆಗೆ ಹೋಗಲು ಮಹಿಳಾ ಅಧ್ಯಾಪಕರು ಯಾರೂ ಇಲ್ಲವೆಂಬ ಕಾರಣಕ್ಕೆ ತಂಡವನ್ನು ಕಳುಹಿಸದಿರಲು ತೀರ್ಮಾನವಾಯಿತು. ಹುಡುಗರ ತಂಡ ಹೋಯಿತು. ನಮ್ಮಲ್ಲಿ ಏಳು ಮಂದಿಯಲ್ಲಿ ನಾಲ್ವರು ಮುಂದಿನ ವರ್ಷ ಆಟವನ್ನೇ ಬಿಟ್ಟರು. ಒಬ್ಬಳ ಮದುವೆಯೂ ಆಯಿತು. ಇದನ್ನು ಚಿತ್ರಪಟದಲ್ಲಿ ತೋರಿಸಬೇಕೆ? ಬಹಳ ಯೋಚಿಸಿದೆ. ಏಳು ಗೊಂಬೆಗಳನ್ನು ಬರೆದು ನಾಲ್ಕನ್ನು ಅಳಿಸಿ ತೋರಿಸಿದರೆ ನೋಡುವವರ ಮನಸ್ಸು ಕರಗುವುದು ಖಂಡಿತ. ಆದರೆ ಅದು ಒಂದು ಶಾಲೆಯ ಒಂದು ವರ್ಷದ ಮಾತು. ದೇಶದೇಶಗಳ ಲೆಕ್ಕದ ಪಕ್ಕದಲ್ಲಿ ಅದೇ ಬಗೆಯ ಗೊಂಬೆಗಳಲ್ಲಿ ಅದನ್ನಿಟ್ಟರೆ ಎಲ್ಲೆಡೆಯ ಲೆಕ್ಕವೆಂದು ನೋಡುವವರು ತಿಳಿದಾರು. ಆದುದರಿಂದ ಚಿತ್ರವಿಲ್ಲದೆ, ಚೌಕದೊಳಗೆ ಎರಡು ಸಾಲಿನ ಬರಹವಾಗಿ ಮಾತ್ರ ಅದನ್ನಿಟ್ಟಿದ್ದೇನೆ. ಎಣಿಸಿದ್ದಕ್ಕೆ ಗೊಂಬೆ, ಕಂಡದ್ದಕ್ಕೆ ಮಾತು.

ಎಣಿಕೆಯಲ್ಲೂ ಮೋಸಹೋಗುವ ಸಂಭವವುಂಟು. ರಾಷ್ಟ್ರೀಯ ಕಬಡ್ಡಿ ಸಂಸ್ಥೆಯಲ್ಲಿ ಬಹುಕಾಲ ಅಧ್ಯಕ್ಷರಾಗಿದ್ದವರು ಆಜೀವ ಅಧ್ಯಕ್ಷರೆನಿಸಿಕೊಂಡು, ಅವರ ಪತ್ನಿ ಅಧ್ಯಕ್ಷಸ್ಥಾನಕ್ಕೆ ಬಂದಿದ್ದರು. ಹಳೆಯ ಆಟಗಾರರೊಬ್ಬರ ದೂರಿನ ಮೇರೆಗೆ ೨೦೧೮ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಅವೆರಡನ್ನೂ ರದ್ದುಗೊಳಿಸಿ ಆಡಳಿತಗಾರರನ್ನು ನೇಮಿಸಿತು. ಆ ಮೊದಲು ನಾನು ಈ ಹಾಳೆಯನ್ನು ಬರೆದಿದ್ದರೆ ಅಲ್ಲೊಂದು ಬಣ್ಣದ ಗೊಂಬೆ ಬೀಳುತ್ತಿತ್ತು. ಪಂಚಾಯತಿಗಳಲ್ಲಿ ಅಧ್ಯಕ್ಷೆಯ ಗಂಡನೇ ಅಧ್ಯಕ್ಷನಾಗಿ ಮೆರೆಯುವುದನ್ನು ಕಂಡ ನಮಗೆ ಇದು ಹೊಸತೇನಲ್ಲ. ಹಾಗೆಂದು ಮೀಸಲಾತಿಯೇ ಬೇಡವೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ರಾಜ್ಯದ ೧೯೮೩ರ ಕಾಯಿದೆ ಪಂಚಾಯತಿಗಳಲ್ಲಿ ಸ್ತ್ರೀಯರಿಗೆ ನೂರಕ್ಕೆ ೨೫ ಸ್ಥಾನಗಳನ್ನು ಕೊಟ್ಟಿತು; ಈಗ ಅದು ಅರ್ಧಕ್ಕೆ ಬಂದಿದೆ. ಮೊದಲು ಸುಮ್ಮನೆ ಬಂದು ಕುಳಿತವರೂ ಕುಳಿತು ಕುಳಿತೇ ಕಲಿತಿದ್ದಾರೆ. ಕುರ್ಚಿಯೇ ಇಲ್ಲದವಳು ಕಲಿಯುವುದೆಲ್ಲಿ? ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆ, ರಾಷ್ಟ್ರೀಯ ಕ್ರೀಡಾಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ ಹೆಚ್ಚೆಂದರೆ ೧೫ ಮಂದಿ, ಅವರಲ್ಲಿ ಕಡಮೆಯೆಂದರೆ ನಾಲ್ವರು ಸ್ತ್ರೀಯರಿರಬೇಕೆಂದು ವಿಧಿಸಿದೆ. ಚಿತ್ರಪಟದ ಕಡೆಯ ಸಾಲು ಇದು: ೧೫ ಕುರ್ಚಿಗಳು, ೪ಕ್ಕೆ ಬಣ್ಣ. ಇಲ್ಲಿ ಬೇಕೆಂದೇ ಗೊಂಬೆಗಳನ್ನು ಬರೆಯಲಿಲ್ಲ. ಕಾಯಿದೆ ಕೊಡುವುದು ಕುರ್ಚಿಯನ್ನು. ಕುಳಿತವರನ್ನು ಮುಂದೆ ಎಣಿಸಬೇಕು.

ಇನ್ನು ಕೈಕೆಲಸದ ಕೆಲವು ಮಾತುಗಳು. ಬಣ್ಣ ಎರಡೇ ಸಾಕು. ಹೆಂಗಸಿಗೆ ಗುಲಾಬಿ, ಗಂಡಸಿಗೆ ನೀಲಿ ಎಂಬ ಪದ್ಧತಿ ನನಗೆ ಹಿಡಿಸದು. ಕೆಂಪು ಹಸುರುಗಳ ಜೋಡಿಯನ್ನು ಕೆಲವರ ಕಣ್ಣು ಬೇರ್ಪಡಿಸಲಾರದು. ಕಡು ಕಿತ್ತಳೆ ಮತ್ತು ಬೂದಿಬಣ್ಣ ಇಟ್ಟರೆ ಕಪ್ಪು ಬಿಳುಪು ಜೆರಾಕ್ಸಿನಲ್ಲೂ ವ್ಯತ್ಯಾಸ ಉಳಿಯುತ್ತದೆ. ಗೊಂಬೆಗಳಿಗೆ ಲಂಗ ಉಡಿಸುವ ಅಗತ್ಯವಿಲ್ಲ, ಬಣ್ಣವೇ ಹೇಳುತ್ತದೆ. ಎಲ್ಲೆಡೆಯೂ ಇಷ್ಟರಲ್ಲಿ ಇಷ್ಟು ಎಂದು ಬರೆಯಬೇಕು; ಬರಿಯ "೨೨ ಮಂದಿ" ಎಂದರೆ ಹೆಚ್ಚೋ ಕಡಮೆಯೋ ತಿಳಿಯದು. ಪ್ರತಿಯೊಂದು ಸಂಖ್ಯೆಯ ಬಳಿಯೂ ಇಸವಿ ಬ��ಕು. ಒಟ್ಟು ಬರಹ ನೂರು ನೂರಿಪ್ಪತ್ತು ಪದಗಳನ್ನು ಮೀರಬಾರದು. ಕನ್ನಡ ಅಕ್ಷರಗಳಿಗೆ ಮೇಲೆ ಗುಣಿತ, ಕೆಳಗೆ ಒತ್ತು ಇರುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡದಿದ್ದರೆ ಮೇಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ. ಕಂಪ್ಯೂಟರಿನಲ್ಲಿ ಮಾಡುವವರಿಗೆ ಕ್ಯಾನ್ವಾ ಮೊದಲಾದ ಸೌಕರ್ಯಗಳು ಬಿಟ್ಟಿಯಾಗಿಯೇ ದೊರೆಯುತ್ತವೆ. ನುಡಿಯ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ್ದನ್ನು ನೇರವಾಗಿ ಅಲ್ಲಿಗೆ ಸಾಗಿಸಿದರೆ ಮಾತ್ರ ಕನ್ನಡ ಹೋಗಿ ಗೊಂಡಾರಣ್ಯವಾಗುತ್ತದೆ, ಯೂನಿಕೋಡಿನಲ್ಲೇ ಬರೆಯಬೇಕು. ನಾನಂತೂ ಚಾರ್ಟ್ ಹಾಳೆ, ಅಳತೆಪಟ್ಟಿ, ಸ್ಕೆಚ್ ಪೆನ್ನುಗಳಲ್ಲೇ ಮಾಡಿದೆ. ಗೊಂಬೆಗೆ ರಟ್ಟಿನ ಅಚ್ಚೊಂದನ್ನು ಕತ್ತರಿಸಿಕೊಂಡರೆ ಗಾತ್ರ ಒಂದೇ ಸಮನಾಗಿ ಬರುತ್ತದೆ.

ಹಾಳೆ ಮುಗಿದ ಮೇಲೆ ಅದನ್ನು ಪರೀಕ್ಷಿಸಬೇಕಾದವರು ವಿಷಯ ಬಲ್ಲವರಲ್ಲ. ನಾನು ಮನೆಗೆ ಒಯ್ದು ಅಮ್ಮನ ಮುಂದೆ ಹಿಡಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಅಮ್ಮ ಐದನೆಯ ತರಗತಿಗೆ ಬಿಟ್ಟವರು, ಮನೆಮಾತು ತುಳು, ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತಾರೆ. ಹದಿನೆಂಟು ಪುಟದ ಪ್ರಬಂಧವನ್ನು ಅವರು ಕೈಯಲ್ಲಿ ತೂಗಿ ನೋಡಿ "ಭಾರವಿದೆ" ಎಂದಿದ್ದರಷ್ಟೆ. ಈ ಹಾಳೆಯನ್ನು ಮಾತ್ರ ಬೀಡಿಯ ಮೊರವನ್ನು ಬದಿಗಿಟ್ಟು ನೋಡಿದರು. ನೂರು ಗೊಂಬೆಗಳ ಚೌಕವನ್ನು ಹತ್ತು ಹತ್ತರ ಸಾಲಿನಲ್ಲಿಟ್ಟಿದ್ದೆ. ಕಟ್ಟುಗಳಲ್ಲಿ ಎಣಿಸುವುದು ಅಮ್ಮನಿಗೆ ರೂಢಿ, ಎಣಿಸದೆಯೇ ಅರ್ಧಕ್ಕಿಂತ ಕಡಮೆಯೆಂದು ಹೇಳಿಬಿಟ್ಟರು. ಬಳಿಕ ಉದ್ದನೆಯ ಗೆರೆಯ ಖಾಲಿ ಭಾಗದ ಮೇಲೆ ಬೆರಳಾಡಿಸುತ್ತ, "ಇಲ್ಲಿ ಬರೆಯಲು ಮರೆತೆಯಾ?" ಎಂದು ಕೇಳಿದರು. ಇಲ್ಲಮ್ಮಾ, ಅಲ್ಲಿ ಯಾರೂ ಇರಲಿಲ್ಲ ಎಂದೆ. ಅಷ್ಟು ದೂರವೂ ಬೆರಳನ್ನೆಳೆದುಕೊಂಡು ಹೋಗಿ ಮೊದಲ ಚುಕ್ಕೆಯ ಮೇಲೆ ನಿಲ್ಲಿಸಿದರು. ಆ ಪ್ರಶ್ನೆ ಇನ್ನೂ ಕೆಲವರಿಗೆ ಬಂದೀತೆಂದು ತೋರಿದ್ದರಿಂದ ಗೆರೆಯ ನಡುವೆ ಸಣ್ಣಕ್ಷರದಲ್ಲಿ "ಸ್ತ್ರೀ ಸದಸ್ಯರಿಲ್ಲ, ೮೭ ವರ್ಷ" ಎಂದು ಸೇರಿಸಿದ್ದೇನೆ.

ಚಿತ್ರಪಟದಲ್ಲಿ ಹೋಗಿಯೇ ಹೋಗುವ ಸಂಗತಿಗಳೂ ಇವೆ. ಏಕೆ ಹೀಗಾಯಿತು ಎಂಬುದನ್ನು ಗೊಂಬೆಗಳು ಹೇಳಲಾರವು. ಮನೆಗೆಲಸ, ಸಂಜೆಯ ಸಭೆಗಳು, ಕೊನೆಯ ಬಸ್ಸು, ಚುನಾವಣೆಯಲ್ಲಿ ಮತ ಕೊಡುವವರು ಯಾರು ಎಂಬ ಪ್ರಶ್ನೆ, ಇವೆಲ್ಲ ಪ್ರಬಂಧದ ಪುಟಗಳಲ್ಲಿಯೇ ಉಳಿದಿವೆ. ಕುತೂಹಲವುಳ್ಳವರು ಗ್ರಂಥಾಲಯದಲ್ಲಿ ಕೇಳಿ ಓದಬಹುದು. ಅದರ ಪ್ರತಿಯೊಂದನ್ನು ಅಲ್ಲಿಟ್ಟಿದೆ, ಹಾಳೆಯ ಕೆಳಗೆ ಹಾಗೆಂದು ಬರೆದೂ ಇದೆ.

ಹಾಳೆಯ ತೀರ ಕೆಳಭಾಗದಲ್ಲಿ ಎರಡು ಅಂಗುಲ ಜಾಗವನ್ನು ಖಾಲಿ ಬಿಟ್ಟು ಗೀಟು ಹಾಕಿದ್ದೇನೆ. "ನಿಮ್ಮ ಊರಿನ ಕ್ರೀಡಾಸಂಘದ ಸಮಿತಿ: ಒಟ್ಟು ಎಷ್ಟು ಮಂದಿ? ಸ್ತ್ರೀಯರೆಷ್ಟು?" ಎಂಬ ಎರಡು ಪ್ರಶ್ನೆ, ಉತ್ತರಕ್ಕೆ ಮೂವತ್ತು ಮನೆಗಳು. ನೋಡುವವರೇ ತುಂಬಬೇಕು. ಪಕ್ಕದಲ್ಲಿ ಪೆನ್ಸಿಲೊಂದನ್ನು ತೂಗುಬಿಡುವುದು ಅವಶ್ಯ; ಅದನ್ನು ಗಟ್ಟಿ ದಾರದಿಂದ ಮೊಳೆಗೆ ಕಟ್ಟಬೇಕು, ಇಲ್ಲವಾದರೆ ನಮ್ಮ ಜಗಲಿಯಲ್ಲಿ ಅದು ಮಧ್ಯಾಹ್ನದವರೆಗೂ ಉಳಿಯುವುದಿಲ್ಲ.